ಗಾಳಿಮಳೆಯೂ ತಂಗಳನ್ನವೂ

"ನಿಮ್ಮಲ್ಲಿ ಕರೆಂಟು ಉಂಟಾ?"

ಕಾಸರಗೋಡಿನ ಕಡೆ ಮಳೆಗಾಲದಲ್ಲಿ ಮಾತು ಸುರುವಾಗುವುದೇ ಹೀಗೆ. ಕ್ಷೇಮ ಸಮಾಚಾರವೆಲ್ಲ ಆಮೇಲೆ. ನನ್ನ ಗೆಳತಿ ಪೆರ್ಲದ ಆಚೆ, ನಾನು ಬದಿಯಡ್ಕದ ಈಚೆ. ಒಂದೇ ಕನ್ನಡ ಶಾಲೆಯ ಬೆಂಚಿನಲ್ಲಿ ಕೂತವರು, ಮದುವೆಯಾಗಿ ಬೇರೆ ಬೇರೆ ಅಡಿಕೆ ತೋಟ ಸೇರಿದವರು. ಕಳೆದ ಆಟಿಯಲ್ಲಿ ಮೂರು ದಿನ ಬಿಡದೆ ಗಾಳಿಮಳೆ ಹೊಡೆದಾಗ ನಾವಿಬ್ಬರು ಫೋನಿನಲ್ಲಿ ಆಡಿದ್ದು ಬರೇ ಪಟ್ಟಾಂಗ. ಆದರೆ ಆ ಪಟ್ಟಾಂಗದೊಳಗೆ ಒಂದು ಗಂಭೀರ ವಿಷಯವೂ ಇತ್ತೆಂದು ಆಮೇಲೆ ಹೊಳೆಯಿತು. ಅದಕ್ಕಾಗಿ ಈ ಬರಹ.

"ಇಲ್ಲ ಮಾರಾಯ್ತಿ, ನಿನ್ನೆ ಮೂರ್ಸಂಜೆಗೆ ಹೋದದ್ದು. ಲೈನಿನ ಮೇಲೆ ಮರ ಬಿದ್ದಿದೆಯಂತೆ. ಫ್ರಿಜ್ಜಿನಲ್ಲಿ ಇಟ್ಟದ್ದೆಲ್ಲ ಎಂತ ಆಗಿದೆಯೋ."

"ಬಾಗಿಲು ತೆಗೆಯಬೇಡ. ಮುಚ್ಚಿಯೇ ಇದ್ದರೆ ನಾಲ್ಕು ಗಂಟೆ ತಂಪು ನಿಲ್ಲುತ್ತದಂತೆ."

"ನಾಲ್ಕಲ್ಲ, ಹದಿನಾಲ್ಕು ಗಂಟೆ ಆಯಿತು."

"ಹಾಗಾದರೆ ತೆಗೆ!"

ತೆಗೆದಳು. ಒಂದೊಂದೇ ಪಾತ್ರೆಯ ವರದಿ ಬಂತು. ಕಾಯಿ ಅರೆದು ಮಾಡಿದ ಸೌತೆಕಾಯಿ ಹುಳಿ ಹಳಸಿತ್ತು, ಅದು ತೆಂಗಿನ ಬುಡಕ್ಕೆ. ದೋಸೆಹಿಟ್ಟು ಉಕ್ಕಿ ಕೆಳಗಿನ ತಟ್ಟೆಗೆಲ್ಲ ಹರಿದಿತ್ತು. "ಹುಳಿ ಬಂದದ್ದು ಹೌದು, ಹಾಳಾಗಲಿಲ್ಲ, ಮಧ್ಯಾಹ್ನಕ್ಕೇ ಹೊಯ್ದು ಮುಗಿಸ್ತೇನೆ" ಎಂದಳು. ಹಿಂದಿನ ರಾತ್ರಿ ಕರೆಂಟು ಹೋದ ಮೇಲೆ ಬೇಯಿಸಿದ ಪತ್ರೊಡೆ ಅಟ್ಟಿನಳಗೆಯಲ್ಲೇ ಉಳಿದಿತ್ತು. ಅದರ ಬಗ್ಗೆ ನಮ್ಮೊಳಗೆ ಚರ್ಚೆಯೇ ಇಲ್ಲ. ಪುಡಿ ಮಾಡಿ ಸಾಸಿವೆ, ಬೇವಿನಸೊಪ್ಪಿನ ಒಗ್ಗರಣೆ ಹಾಕಿ, ಮೇಲಿಂದ ಒಂದಿಷ್ಟು ಕಾಯಿತುರಿ, ಬೆಲ್ಲ. ಪತ್ರೊಡೆ ಮಾಡುವುದೇ ಮರುದಿನದ ಒಗ್ಗರಣೆಗೆ ಎನ್ನುವವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ನಾನೂ ಆ ಪಂಗಡದವಳೇ.

ತಕರಾರು ಬಂದದ್ದು ಅನ್ನದ ಬಗ್ಗೆ. ಒಂದು ಪಾತ್ರೆ ಕುಚ್ಚಲಕ್ಕಿ ಅನ್ನ ಫ್ರಿಜ್ಜಿನಲ್ಲೇ ಬಿಸಿಬಿಸಿಯಾಗಿ ಉಳಿದಂತಿತ್ತು. "ಚೆನ್ನಾಗಿ ಕುದಿಸಿದರೆ ಎಂತ ಆಗ್ತದೆ?" ಎಂದು ಅವಳು. ಆಗ್ತದೆ. ಬೇಯಿಸಿದ ಅನ್ನ ತಣಿಯದೆ ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂತರೆ ಅದರಲ್ಲಿ ಬೆಳೆಯುವ ಒಂದು ಜಾತಿಯ ಬ್ಯಾಕ್ಟೀರಿಯ ವಿಷ ಬಿಡುತ್ತದೆ. ಎಷ್ಟು ಕುದಿಸಿದರೂ ಆ ವಿಷ ಹೋಗುವುದಿಲ್ಲ. ಇದು ನಮ್ಮಜ್ಜಿಗೆ ಗೊತ್ತಿರಲಿಲ್ಲ, ಆದರೆ ಅವರು ಅನ್ನವನ್ನು ಹಾಗೆ ಇಡುತ್ತಲೂ ಇರಲಿಲ್ಲ. ರಾತ್ರಿ ಉಳಿದದ್ದಕ್ಕೆ ತಣ್ಣೀರು ಹೊಯ್ದು ಮಣ್ಣಿನ ಅಳಗೆಯಲ್ಲಿ ಇಡುವುದು. ಬೆಳಗಾಗುವಾಗ ಸಣ್ಣ ಹುಳಿ ಬಂದಿರುತ್ತಿತ್ತು, ಆ ಹುಳಿಯೇ ಅದರ ಕಾವಲು. ಮಜ್ಜಿಗೆ, ಮಾವಿನ ಮಿಡಿ, ಒಂದು ಹಸಿಮೆಣಸು. ತೋಟದ ಕೆಲಸಕ್ಕೆ ಇಳಿಯುವವರಿಗೆ ಅದಕ್ಕಿಂತ ಒಳ್ಳೆಯ ತಿಂಡಿ ಇರಲಿಲ್ಲ.

ಆಲೋಚಿಸಿ ನೋಡಿ. ಹಿಂದೆ ಮಳೆಗಾಲದ ಅಡಿಗೆಯ ಲೆಕ್ಕವೇ ಬೇರೆ ಇತ್ತು. ಕಾಯಿ ಹಾಕಿದ ಪದಾರ್ಥ ಅಂದಂದಿಗೆ, ಕಾಯಿ ಇಲ್ಲದ ಬೋಳುಹುಳಿ ಎರಡು ದಿನಕ್ಕೆ, ಅದನ್ನೂ ರಾತ್ರಿ ಒಮ್ಮೆ ಬೆಳಿಗ್ಗೆ ಒಮ್ಮೆ ಕುದಿಸಿ ಬತ್ತಿಸುವುದು. ಭರಣಿಯಲ್ಲಿ ಉಪ್ಪಿಗೆ ಹಾಕಿದ ಹಲಸಿನ ಸೊಳೆ, ಅಟ್ಟದಲ್ಲಿ ಒಣಗಿಸಿದ ಬೇಳೆ, ಹಪ್ಪಳ. ಪತ್ತನಾಜೆಗೆ, ಅಂದರೆ ಸಾಧಾರಣ ಮೇ 24ರ ಹೊತ್ತಿಗೆ, ಮೇಳಗಳ ಆಟ ಮುಗಿಯುತ್ತದೆ, ಮಳೆಗೆ ಮನೆ ಸಿದ್ಧವಾಗಿರಬೇಕು ಎಂಬುದು ವಾಡಿಕೆ. ತಮಾಷೆಯೆಂದರೆ 2025ರಲ್ಲಿ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದು ಮೇ 24ಕ್ಕೇ. ಪಂಚಾಂಗದ ಜೂನ್ 1ನ್ನು ನಂಬಿ ಕೂತವರು ನೆನೆದರು, ಪತ್ತನಾಜೆಯನ್ನು ನಂಬಿದವರು ಗೆದ್ದರು! ಫ್ರಿಜ್ಜು ಬಂದ ಮೇಲೆ ನಾವು ಉಳಿದದ್ದನ್ನು ಒಳಗೆ ತಳ್ಳಿ ಮರೆಯಲು ಕಲಿತೆವು. ಕರೆಂಟು ಹೋದಾಗ ಮಾತ್ರ ನೆನಪಾಗುವುದು.

ಇರಲಿ. ಮುಖ್ಯ ವಿಷಯಕ್ಕೆ ಬರುತ್ತೇನೆ.

ಎರಡನೆಯ ದಿನದ ಫೋನಿನಲ್ಲಿ ಗೆಳತಿ ಕೇಳಿದಳು: "ನಿನಗೆ ಮೆಸೇಜು ಬಂತಾ? ರೆಡ್ಡಂತೆ."

"ಬಂತು. ಮಲಯಾಳದಲ್ಲಿ ಉಂಟು. ಮಗಳು ಓದಿ ಹೇಳಿದಳು."

"ನಮ್ಮಲ್ಲಿ ಓದಲಿಕ್ಕೆ ಮಗಳಿಲ್ಲ. ಮಂಗಳೂರಿನಲ್ಲಿ ಶಾಲೆಗೆ ರಜೆ ಅಂತ ಟಿವಿಯಲ್ಲಿ ಬಂತು, ಹಾಗಾದರೆ ನಮಗೂ ಜೋರಿರಬಹುದು ಅಂತ ಗ್ರಹಿಸಿದೆ."

ನಮ್ಮ ಪ್ರಾಯದವರು ಪೇಟೆಯಲ್ಲಿ ಮಲಯಾಳ ಸರಾಗ ಮಾತಾಡುತ್ತೇವೆ. ಮೀನಿನವರೊಡನೆ, ಬಸ್ಸಿನ ಕಂಡಕ್ಟರೊಡನೆ ಜಗಳವನ್ನೂ ಮಾಡಬಲ್ಲೆವು. ಅಕ್ಷರ ಮಾತ್ರ ಬಾರದು, ಕಲಿತದ್ದು ಕನ್ನಡ ಶಾಲೆಯಲ್ಲಿ. ಆ ಸೂಚನೆಗಳಲ್ಲಿ ಮೂರು ಮಾತುಗಳು ಇರುತ್ತವೆ: ಶಕ್ತಮಾಯ, ಅತಿಶಕ್ತಮಾಯ, ಅತಿತೀವ್ರಮಾಯ. ಕೇಳಲಿಕ್ಕೆ ಮೂರೂ ಒಂದೇ ಹಾಗೆ. ಆದರೆ ಮೊದಲನೆಯದಕ್ಕೆ, ಅಂದರೆ ಹಳದಿಗೆ, ಒಂದು ದಿನದಲ್ಲಿ 64.5ರಿಂದ 115.5 ಮಿಲ್ಲಿಮೀಟರು ಮಳೆ, ಎರಡನೆಯ ಕಿತ್ತಳೆಗೆ 204.4ರ ವರೆಗೆ, ಮೂರನೆಯ ಕೆಂಪಿಗೆ ಅದಕ್ಕೂ ಮೇಲೆ. ಹಳದಿಯಲ್ಲಿ ತೋಟಕ್ಕೆ ಹೋಗಿ ಬರಬಹುದು. ಕೆಂಪಿನಲ್ಲಿ ಹೊಳೆ ದಾಟಬಾರದು. ವ್ಯತ್ಯಾಸ ಇಷ್ಟು ದೊಡ್ಡದು.

ನಮ್ಮ ನೆರೆಮನೆಯ ಅಜ್ಜ ದಾಟಿದರು. ಎಂಬತ್ತು ಸಮೀಪಿಸಿದ ಒಂಟಿ ಜೀವ, ಅಡಿಕೆಗೆ ಕೊಳೆರೋಗದ ಮದ್ದು ಬಿಡುವವರು ಬರುತ್ತಾರೋ ಎಂಬ ಚಿಂತೆ ಬೇರೆ. ಬೋರ್ಡೋ ಬಿಡಲು ಒಂದು ಹೊತ್ತಾದರೂ ಹೊಳವಾಗಬೇಕು. ಬೆಳಿಗ್ಗೆ ಒಂದು ಗಳಿಗೆ ಮಳೆ ಬಿಟ್ಟದ್ದನ್ನು ನೋಡಿ ಸಂಕ ದಾಟಿ ಆಚೆ ತೋಟಕ್ಕೆ ಹೋದರು. ಹಿಂದೆ ಬರುವ ಹೊತ್ತಿಗೆ ಸಂಕವೇ ಇರಲಿಲ್ಲ. ಆ ದಿನವೂ ರಾತ್ರಿಯೂ ಪಂಪ್‌ಶೆಡ್ಡಿನಲ್ಲಿ ಕಳೆದು, ಮರುದಿನ ನೀರಿಳಿದ ಮೇಲೆ ಹುಡುಗರು ಹಗ್ಗ ಹಿಡಿದು ಕರೆತಂದರು. ನಾನು ಕೊಟ್ಟ ತೆಳಿಗಂಜಿ ಕುಡಿಯುತ್ತಾ ಮೊಬೈಲು ತೋರಿಸಿದರು. ಮೂರು ಮೆಸೇಜು, ಮೂರೂ ತೆರೆಯದ್ದು. "ರೀಚಾರ್ಜಿನದ್ದಾಗಿರಬೇಕು ಅಂತ ಗ್ರಹಿಸಿದೆ ಮಗಾ" ಎಂದರು.

ಎಚ್ಚರಿಕೆ ಕೊಡಲಿಲ್ಲ ಎಂದು ಯಾರನ್ನೂ ದೂರುವ ಹಾಗಿಲ್ಲ. ಕೊಟ್ಟಿದ್ದರು, ಹೊತ್ತಿಗೆ ಸರಿಯಾಗಿಯೇ ಕೊಟ್ಟಿದ್ದರು. 2017ರ ಓಖಿ ಚಂಡಮಾರುತ, 2024ರ ಜುಲೈ 30ರ ವಯನಾಡಿನ ಭೂಕುಸಿತ, ಇವುಗಳ ನಂತರ ಕೇರಳದಲ್ಲಿ ಮಳೆಯ ಸೂಚನೆಯನ್ನು ಹಗುರವಾಗಿ ಕಾಣುವವರು ಕಡಿಮೆ. ಅಜ್ಜನಿಗೆ ತಲುಪದೆ ಹೋದದ್ದು ಲಿಪಿಯ ದೆಸೆಯಿಂದ. ಮಂಗಳೂರಿನ ಟಿವಿ ನೋಡಿ ನಾವು ಅಂದಾಜು ಮಾಡುವುದು ಅರ್ಧ ಸರಿ, ಅರ್ಧ ಅಪಾಯ. ಅಲ್ಲಿಯ ಸೂಚನೆ ಬೆಂಗಳೂರಿನ ಹವಾಮಾನ ಕೇಂದ್ರದ್ದು, ನಮ್ಮದು ತಿರುವನಂತಪುರದ್ದು. ಮಳೆಗೆ ತಲಪಾಡಿಯ ಗಡಿ ಗೊತ್ತಿಲ್ಲ, ಎಚ್ಚರಿಕೆಗೆ ಗೊತ್ತು.

ಇದೇನು ಹೊಸ ಹಕ್ಕು ಕೇಳಿದ ಹಾಗಲ್ಲ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದಿದೆ. ಅರ್ಜಿಗೆ ಕನ್ನಡದಲ್ಲಿ ಉತ್ತರ ಸಿಗುವುದಾದರೆ ಪ್ರಾಣದ ಪ್ರಶ್ನೆಯ ನಾಲ್ಕು ಸಾಲಿಗೆ ಏನು ಅಡ್ಡಿ? ಈ ಸೂಚನೆಗಳ ಒಕ್ಕಣೆ ಹೆಚ್ಚುಕಡಿಮೆ ಒಂದೇ, ಬದಲಾಗುವುದು ಜಿಲ್ಲೆ, ದಿನ, ಬಣ್ಣ. ಒಮ್ಮೆ ಕನ್ನಡ ಮಾಡಿಟ್ಟರೆ ವರ್ಷಗಟ್ಟಲೆ ಬಂತು. ನಾವಾದರೂ ಏನು ಮಾಡಿದ್ದೇವೆ? ಬೋರ್ಡಿನ ಮೇಲೆ ಊರಿನ ಹೆಸರು ತಪ್ಪಾದರೆ ವಾಟ್ಸಾಪಿನಲ್ಲಿ ಹಗಲಿಡೀ ಹೋರಾಡುವ ನಮ್ಮ ಬಳಗಗಳಲ್ಲಿ, ಈ ನಾಲ್ಕು ಸಾಲನ್ನು ಕನ್ನಡಿಸಿ ಪಂಚಾಯತಿಗೆ ಕೊಂಡುಹೋಗಿ ಕೊಟ್ಟವರನ್ನು ನಾನು ಕಂಡಿಲ್ಲ. ನಾನೂ ಕೊಟ್ಟಿರಲಿಲ್ಲ. ಈಗ ಬರೆದಿಟ್ಟಿದ್ದೇನೆ, ಮಗಳು ತಿದ್ದಿದ್ದಾಳೆ.

ಮೂರನೆಯ ದಿನ ಮಧ್ಯಾಹ್ನ ಗೆಳತಿಯ ಫೋನು.

"ಕರೆಂಟು ಬಂತು. ಫ್ರಿಜ್ಜು ತೊಳೆದಿಟ್ಟೆ, ಈಗ ಖಾಲಿ."

"ರಾತ್ರಿಗೆ ಎಂತ?"

"ಹುರುಳಿ ಸಾರು. ಉಳಿಯದ ಹಾಗೆ ಮಾಡ್ತೇನೆ. ನೋಡು, ನಾಳೆ ಆರೆಂಜಂತೆ. ಅಜ್ಜನಿಗೆ ಈಗಲೇ ಹೋಗಿ ಹೇಳು, ಫೋನು ಮಾಡಿದರೆ ತೆಗೆಯಲಿಕ್ಕಿಲ್ಲ."