ಸೆರೆ ಒಂದೇ, ಪದ ಹಲವು

ಎಂ.ಕೆ. ಹುಬ್ಬಳ್ಳಿಯಿಂದ ಹೆದ್ದಾರಿ ಹಿಡಿದು ಧಾರವಾಡದ ಕಡೆಗೆ ಹೊರಟರೆ ಕಿತ್ತೂರು ಬಲು ಹತ್ತಿರ. ಈ ಭಾಗದ ಮಕ್ಕಳಿಗೆ ರಾಣಿ ಚನ್ನಮ್ಮನ ಕಥೆ ಬಾಯಿಪಾಠ. ಆದರೆ ಅದನ್ನೇ ಇಂಗ್ಲಿಷಿನಲ್ಲಿ ಬರೆಯಲು ಕುಳಿತಾಗ ಪೆನ್ನು ತಡವರಿಸುತ್ತದೆ. ‘ಬ್ರಿಟಿಷರು ಚನ್ನಮ್ಮನನ್ನು ಸೆರೆಹಿಡಿದರು’ ಎನ್ನಲು ಅನೇಕರು ‘ಅರೆಸ್ಟ್’ ಎಂದು ಬರೆದುಬಿಡುತ್ತಾರೆ. ವ್ಯಾಕರಣ ಸರಿ, ಅರ್ಥ ಸರಿಯಲ್ಲ.

‘ಅರೆಸ್ಟ್’ ಎಂದರೆ ದಸ್ತಗಿರಿ. ಕಾನೂನು ಮೀರಿದನೆಂಬ ಆರೋಪದ ಮೇಲೆ ಪೊಲೀಸರು ಹಿಡಿಯುವುದು. ಹಾಗೆ ಹಿಡಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ನಮ್ಮ ಸಂವಿಧಾನದ 22ನೇ ವಿಧಿ ಹೇಳುತ್ತದೆ. ಪ್ರಯಾಣದ ಸಮಯ ಇದರಲ್ಲಿ ಸೇರದು. ಚನ್ನಮ್ಮ ತನ್ನ ಸಂಸ್ಥಾನ ಉಳಿಸಿಕೊಳ್ಳಲು ಕಾದಾಡಿದವಳು. 1824ರ ಡಿಸೆಂಬರಿನಲ್ಲಿ ಆಕೆ ಸಿಕ್ಕಿಬಿದ್ದದ್ದು ಯುದ್ಧದಲ್ಲಿ. ಅದಕ್ಕೆ ತಕ್ಕ ಪದ ‘ಕ್ಯಾಪ್ಚರ್’.

ಅನಂತರ ಆಕೆಯನ್ನು ಬೈಲಹೊಂಗಲದ ಕೋಟೆಯಲ್ಲಿಟ್ಟರು. 1829ರ ಫೆಬ್ರುವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಇಲ್ಲಿ ‘ಕನ್‌ಫೈನ್’ ಚೆನ್ನಾಗಿ ಒಪ್ಪುತ್ತದೆ. ಇದರ ಮೂಲದಲ್ಲಿರುವ ಲ್ಯಾಟಿನ್ ಪದ ‘ಫಿನಿಸ್’, ಅಂದರೆ ಎಲ್ಲೆ. ಎಲ್ಲೆ ದಾಟದಂತೆ ಕೂಡಿಹಾಕುವುದೇ ‘ಕನ್‌ಫೈನ್’. ‘ಇಂಪ್ರಿಸನ್’ ಎಂದರೂ ತಪ್ಪಾಗದು. ಸೆರೆಯಲ್ಲಿಡುವುದಕ್ಕೆಲ್ಲ ಅದು ಸಲ್ಲುತ್ತದೆ. ‘ಇನ್‌ಕಾರ್ಸರೇಟ್’ ಅದರದೇ ಭಾರವಾದ ರೂಪ. ಶಾಲೆಯ ಪ್ರಬಂಧಕ್ಕೆ ಬೇಡ.

ಅದೇ ಯುದ್ಧದಲ್ಲಿ ಕಿತ್ತೂರಿನವರ ಕೈಗೆ ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಆಂಗ್ಲ ಅಧಿಕಾರಿಗಳೂ ಸಿಕ್ಕಿದ್ದರು. ಅವರು ‘ಹಾಸ್ಟೇಜ್’, ಅಂದರೆ ಒತ್ತೆಯಾಳು. ಎದುರಾಳಿಯಿಂದ ಏನನ್ನಾದರೂ ಪಡೆಯಲು ಇಟ್ಟುಕೊಂಡವರಿಗೆ ಮಾತ್ರ ಈ ಪದ.

‘ಡಿಟೇನ್’ ಎಂದರೆ ತಡೆದು ಇರಿಸಿಕೊಳ್ಳುವುದು. ವಿಚಾರಣೆಯಿಲ್ಲದೆ ಇಟ್ಟರೂ ಇದೇ ಪದ. 1975ರ ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಬೆಂಗಳೂರಿನ ಜೈಲಿನಲ್ಲಿಟ್ಟಾಗ ಯಾವ ಕೋರ್ಟೂ ಅವರಿಗೆ ಶಿಕ್ಷೆ ವಿಧಿಸಿರಲಿಲ್ಲ. ‘ಇಂಟರ್ನ್’ ಎಂದರೆ ಯುದ್ಧಕಾಲದಲ್ಲಿ ಅನುಮಾನದ ಮೇಲೆ ಶಿಬಿರದಲ್ಲಿ ಕೂಡಿಹಾಕುವುದು. 1962ರ ಯುದ್ಧದ ಹೊತ್ತಿನಲ್ಲಿ ಚೀನೀ ಮೂಲದ ಭಾರತೀಯರನ್ನು ರಾಜಸ್ಥಾನದ ದೇವಲಿಯಲ್ಲಿ ಹೀಗೆ ಇರಿಸಿದ್ದರು. ಆಸ್ಪತ್ರೆಯಲ್ಲಿ ತರಬೇತಿ ಪಡೆಯುವ ಹೊಸ ಡಾಕ್ಟರೂ ‘ಇಂಟರ್ನ್’, ಗಲಿಬಿಲಿ ಬೇಡ.

ಇನ್ನೊಂದು ಜೋಡಿ: ‘ರಿಸ್ಟ್ರೇನ್’ ಮತ್ತು ‘ಕನ್‌ಫೈನ್’. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸೇತುವೆ ದಾಟದಂತೆ ಒಬ್ಬನನ್ನು ಅಡ್ಡಗಟ್ಟಿದರೆ ಅದು ‘ರಿಸ್ಟ್ರೇಂಟ್’; ಆತ ಹಿಂದಿರುಗಿ ಹೋಗಬಹುದು. ಕೋಣೆಯೊಳಗೆ ಹಾಕಿ ಚಿಲಕ ಜಡಿದರೆ ‘ಕನ್‌ಫೈನ್‌ಮೆಂಟ್’. ಯಾವ ಕಡೆಗೂ ದಾರಿಯಿಲ್ಲ. ಅಕ್ರಮವಾಗಿ ಹೀಗೆ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 126 ಮತ್ತು 127ನೇ ಕಲಮುಗಳಂತೆ ಅಪರಾಧ.

ಕನ್ನಡದ ‘ಸೆರೆ’ ಇವೆಲ್ಲವನ್ನೂ ಹೊರಬಲ್ಲದು. ಇಂಗ್ಲಿಷಿನಲ್ಲಿ ಮಾತ್ರ ಹಿಡಿದವರು ಯಾರು, ಯಾವ ಅಧಿಕಾರದಿಂದ, ಏತಕ್ಕಾಗಿ ಎಂದು ಮೊದಲು ಕೇಳಿಕೊಳ್ಳಬೇಕು. ಇಲ್ಲವಾದರೆ ರಾಣಿಯೂ ಕಳ್ಳನೂ ಒಂದೇ ಸಾಲಿನಲ್ಲಿ ನಿಂತುಬಿಡುತ್ತಾರೆ.

ಅಭ್ಯಾಸ: ಸರಿಯಾದ ಪದ ಆರಿಸಿ.
1. ಪೊಲೀಸರು ಸರಗಳ್ಳನನ್ನು ಹಿಡಿದರು.
2. ಸೈನಿಕರು ಶತ್ರುಪಡೆಯ ನಾಯಕನನ್ನು ಹಿಡಿದರು.
3. ದರೋಡೆಕೋರರು ಹಣಕ್ಕಾಗಿ ವ್ಯಾಪಾರಿಯನ್ನು ಹಿಡಿದಿಟ್ಟರು.

ಉತ್ತರ: 1. ಅರೆಸ್ಟ್, 2. ಕ್ಯಾಪ್ಚರ್, 3. ಹಾಸ್ಟೇಜ್.