ಅಳೆಯಬೇಕಾದುದು ಹೊಗೆಯನ್ನು, ವಯಸ್ಸನ್ನಲ್ಲ

ಮಗ್ಗದ ವಯಸ್ಸು ಕೇಳಿ ಬಟ್ಟೆಗೆ ಬೆಲೆ ಕಟ್ಟುವ ಮೇಸ್ತ್ರಿಯನ್ನು ಯಾವ ಗಿರಣಿಯಲ್ಲಾದರೂ ಕಂಡಿದ್ದೀರಾ? ನೇಯ್ದ ಬಟ್ಟೆ ನೋಡಿ ಮಗ್ಗದ ಗುಣ ಹೇಳುವುದು ಲೋಕರೂಢಿ. ಹಳೆಯ ಡೀಸೆಲ್ ಕಾರಿನ ವಿಷಯದಲ್ಲಿ ಮಾತ್ರ ನಮ್ಮ ಪ್ರಭುಗಳ ನ್ಯಾಯ ತಲೆಕೆಳಗು.

ದೆಹಲಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನ ಓಡಕೂಡದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆಜ್ಞೆ ಮಾಡಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2025ರ ಜುಲೈಯಲ್ಲಿ ಅಂಥ ಗಾಡಿಗಳಿಗೆ ಬಂಕಿನಲ್ಲಿ ಡೀಸೆಲನ್ನೇ ನಿರಾಕರಿಸಲು ಹೊರಟು, ಜನ ಕೂಗೆಬ್ಬಿಸಿದ ಮೇಲೆ ಕೆಲವೇ ದಿನಗಳಲ್ಲಿ ಕೈಬಿಟ್ಟರು. ಕರ್ನಾಟಕದಲ್ಲಿ ಆ ನಿಷೇಧವಿಲ್ಲವೆಂದು ಸಮಾಧಾನಪಡಬೇಡಿ. 15 ವರ್ಷವಾದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲಿನಿಂದ 5,000ಕ್ಕೆ ಏರಿಸಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ ಅದು 10,000 ಆಯಿತು. ಈ ಹಣದಿಂದ ಹೊಗೆ ಎಳ್ಳಷ್ಟಾದರೂ ತಗ್ಗುವುದೇ?

ಡೀಸೆಲ್ ಹೊಗೆ ವಿಷವಲ್ಲವೆಂದು ನಾವು ವಾದಿಸುವುದಿಲ್ಲ. ಅದು ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿಯೇ ಸಾರಿದೆ. ಆ ಹೊಗೆ ಕುಡಿಯುವವರು ಗಾಜು ಏರಿಸಿ ಕೂತ ಧಣಿಗಳಲ್ಲ. ರಸ್ತೆ ಬದಿಯ ಅಂಗಡಿಯವರು, ಪಾಳಿ ಮುಗಿಸಿ ಸೈಕಲ್ ತುಳಿಯುವ ಕಾರ್ಮಿಕರು. ಆದುದರಿಂದಲೇ ಹೊಗೆಯನ್ನು ಅಳೆಯಿರಿ ಎನ್ನುತ್ತೇವೆ.

ಗ್ಯಾರೇಜಿನ ಹುಡುಗನೂ ಹೊಗೆಯ ಬಣ್ಣದಿಂದ ರೋಗ ಹೇಳಬಲ್ಲ. ಕಪ್ಪಾದರೆ ಏರ್ ಫಿಲ್ಟರ್ ಕಟ್ಟಿದೆ, ಇಲ್ಲವೇ ನಾಜಲ್ ಕೆಟ್ಟಿದೆ. ನೀಲಿಯಾದರೆ ರಿಂಗು ಸವೆದು ಇಂಜಿನ್ ಆಯಿಲ್ ಉರಿಯುತ್ತಿದೆ. ಇಂಜಿನ್ ಕಾದ ಮೇಲೂ ಬಿಳಿಯಾಗಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಅಥವಾ ರೇಡಿಯೇಟರ್ ನೀರು ಒಳಗೆ ಇಳಿಯುತ್ತಿದೆ. ಫಿಲ್ಟರಿನ ತಳದ ನೀರು ಬಸಿಯುವುದು, ಹೊತ್ತಿಗೆ ಆಯಿಲ್ ಬದಲಿಸುವುದು, ನಾಜಲಿನ ಪ್ರೆಷರ್ ನೋಡಿಸುವುದು—ಇವು ಬಡ ವ್ಯಾಪಾರಿಯ ಕೈಗೆಟಕುವ ಕೆಲಸ. ಇಷ್ಟಾದ ಮೇಲೂ ಪರೀಕ್ಷೆಯಲ್ಲಿ ಸೋತ ಗಾಡಿಯನ್ನು ನಿಲ್ಲಿಸಿದರೆ ನಮ್ಮ ತಕರಾರಿಲ್ಲ.

ಹೊಸ ಗಾಡಿಗೆ ಮಸಿ ತಡೆಯುವ ಫಿಲ್ಟರ್ ಇದೆ, ನಿಜ. ಆದರೆ ಹೊಸತೆಲ್ಲ ಶುದ್ಧವೇ? ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆ ತಗ್ಗಿಸುವ ಕಳ್ಳ ಲೆಕ್ಕವನ್ನು ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಡೀಸೆಲ್ ಕಾರುಗಳಲ್ಲಿ ಅಡಗಿಸಿದ್ದಾಗಿ ಫೋಕ್ಸ್‌ವ್ಯಾಗನ್ ಕಂಪನಿ 2015ರಲ್ಲಿ ಒಪ್ಪಿಕೊಂಡಿತು. ವರ್ಷ ಎಣಿಸುವವರ ದೃಷ್ಟಿಯಲ್ಲಿ ಅವೆಲ್ಲ ನಿರ್ದೋಷಿಗಳು!

ಹಳೆಯದು ಗುಜರಿಗೆ ಹೋದರೆ ಲಾಭ ಯಾರಿಗೆ? ಬಿಡಿಭಾಗಗಳನ್ನೂ ದುರಸ್ತಿಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಕೋರ್ಟಿನ ಮೆಟ್ಟಿಲೇರಿದವು. ದುರಸ್ತಿಯ ಬಾಗಿಲು ಮುಚ್ಚಿ, ಹೊಸದು ಕೊಳ್ಳಿರೆನ್ನುವುದು ಬಂಡವಾಳಗಾರರ ಹಳೆಯ ವಿದ್ಯೆ.

ನಮ್ಮ ಬೇಡಿಕೆ ಸರಳ. ಹೊಗೆ ಪರೀಕ್ಷೆ ಲಂಚವಿಲ್ಲದೆ, ಪ್ರಾಮಾಣಿಕವಾಗಿ ನಡೆಯಲಿ, ಅದೇ ತೀರ್ಪಾಗಲಿ. ಬಿಡಿಭಾಗ ಮತ್ತು ದುರಸ್ತಿಯ ತಿಳಿವಳಿಕೆ ಸಣ್ಣ ಗ್ಯಾರೇಜಿಗೂ ನ್ಯಾಯಬೆಲೆಗೆ ದೊರೆಯಲಿ. ವಯಸ್ಸಿನ ಮೇಲಿನ ದಂಡಶುಲ್ಕ ರದ್ದಾಗಲಿ.

ದುಡಿಯುವ ಯಂತ್ರವನ್ನು ವಯಸ್ಸಾಯಿತೆಂದು ಹೊರದಬ್ಬುವವರು, ದುಡಿಯುವ ಮನುಷ್ಯನನ್ನೂ ಹಾಗೆಯೇ ಹೊರದಬ್ಬುತ್ತಾರೆ. ಗಿರಣಿಯ ಗೇಟಿನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.