ತಂತಿಯ ತುದಿ ಮತ್ತು ದೇಶದ ಸ್ವಾವಲಂಬನ

ದೇಶದ ದೊಡ್ಡ ಕಾರ್ಯಗಳನ್ನು ಕುರಿತು ಮಾತನಾಡುವವರು ಬಹಳ ಜನರಿದ್ದಾರೆ. ಆ ಕಾರ್ಯಗಳು ಯಾವ ಸಣ್ಣ ವಸ್ತುವಿನ ಮೇಲೆ ನಿಂತಿರುವವೆಂಬುದನ್ನು ಬಗ್ಗಿ ನೋಡುವವರು ವಿರಳ. 2011ರಲ್ಲಿ ಕೇಂದ್ರ ಸರಕಾರವು ಮಂಜೂರು ಮಾಡಿದ, ಈಗ ಭಾರತ್‌ನೆಟ್ ಎಂದು ಹೆಸರಾಗಿರುವ ಯೋಜನೆಯಿಂದ ಎರಡು ಲಕ್ಷಕ್ಕೂ ಮಿಕ್ಕಿದ ಗ್ರಾಮ ಪಂಚಾಯತಿಗಳಿಗೆ ಗಾಜಿನೆಳೆಯ ಕೇಬಲ್ಲು ತಲುಪಿದೆ. ಇದು ಅಭಿಮಾನದ ಸಂಗತಿಯೇ ಸರಿ. ಆದರೆ ಕಚೇರಿಯ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಗಾಜಿನೆಳೆಯು ಮುಗಿದು, ಅಲ್ಲಿಂದ ಗುಮಾಸ್ತರ ಮೇಜಿನವರೆಗೆ ಸಾಮಾನ್ಯವಾಗಿ ತಾಮ್ರದ ಕೇಬಲ್ಲೇ ಸಾಗುವದು. ಅದರ ತುದಿಗೆ ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ಪ್ಲಗ್ಗು. ಅದು ಹೊಗುವದಕ್ಕೆ ಒಂದು ಜ್ಯಾಕು. ಈ ಎರಡರ ನಡುವಿನ ಸ್ಪರ್ಶ ಕೆಟ್ಟರೆ ಮೈಲುಗಟ್ಟಲೆ ಹೂಳಿದ ಕೇಬಲ್ಲು ಇದ್ದೂ ಇಲ್ಲದಂತೆ. ದಾಖಲೆಗಾಗಿ ಹತ್ತು ಹರದಾರಿ ನಡೆದು ಬಂದ ರೈತನು “ನೆಟ್ಟು ಇಲ್ಲ, ನಾಳೆ ಬಾ” ಎಂಬ ಮಾತನ್ನು ಕೇಳಿ ಹಿಂತಿರುಗಬೇಕಾಗುವದು. ತಂತಿಯ ಈ ತುದಿಯ ವಿಷಯದಲ್ಲಿ ನಾವು ತೋರುತ್ತಿರುವ ಔದಾಸೀನ್ಯವು ಇನ್ನು ಸಲ್ಲದೆಂಬುದೇ ನಮ್ಮ ಇಂದಿನ ಬಿನ್ನಹ.

ಈ ವಸ್ತುವಿನ ಚರಿತ್ರೆಯು ಸಣ್ಣದಲ್ಲ. 1870ರ ದಶಕದ ಕೊನೆಯಲ್ಲಿ ಅಮೇರಿಕೆಯ ಟೆಲಿಫೋನ್ ಕೇಂದ್ರಗಳಲ್ಲಿ ಒಬ್ಬರ ತಂತಿಯನ್ನು ಇನ್ನೊಬ್ಬರ ತಂತಿಗೆ ಕೂಡಿಸಲು ಚಾರ್ಲ್ಸ್ ಸ್ಕ್ರಿಬ್ನರ್ ಎಂಬವನು ರೂಪಿಸಿದ ಸ್ವಿಚ್ಚು ಮಡಚುವ ಚಾಕುವಿನಂತೆ ಇದ್ದುದರಿಂದ, ಆಂಗ್ಲ ಭಾಷೆಯಲ್ಲಿ ಆ ಚಾಕುವಿಗಿದ್ದ ಹೆಸರಿನಿಂದಲೇ ‘ಜ್ಯಾಕ್’ ಎಂಬ ಮಾತು ಹುಟ್ಟಿತು. ಆ ಕೇಂದ್ರಗಳಿಂದ ಬಂದ ಕಾಲಂಗುಲದ ಪ್ಲಗ್ಗನ್ನು ಇಂದಿಗೂ ಸಂಗೀತಗಾರರು ಗಿಟಾರಿಗೆ ಚುಚ್ಚುತ್ತಾರೆ. 1881ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು ಜೋಡಿಯಾಗಿ ಎಳೆಯುವ ಕ್ರಮಕ್ಕೆ ಪೇಟೆಂಟು ಪಡೆದನು. ಹೊಸೆದ ಜೋಡಿಯಲ್ಲಿ ಹೊರಗಿನ ಸದ್ದು ಎರಡೂ ತಂತಿಗಳ ಮೇಲೆ ಸಮನಾಗಿ ಬಿದ್ದು ತನ್ನಷ್ಟಕ್ಕೆ ಅಳಿದುಹೋಗುವದು. ಇಂದಿನ ಗಣಕಯಂತ್ರದ ಕೇಬಲ್ಲಿನಲ್ಲಿ ಇರುವವು ಇಂಥ ನಾಲ್ಕು ಜೋಡಿಗಳೇ.

ತೊಡಕು ಇರುವದು ತುದಿಯಲ್ಲಿ. ಪ್ಲಗ್ಗಿನೊಳಗೆ ಹೋಗಬೇಕಾದರೆ ಹೊಸೆದುದನ್ನು ಬಿಚ್ಚಿ ಎಂಟು ತಂತಿಗಳನ್ನು ಸಾಲಾಗಿ ಇಡಲೇಬೇಕು. ಅಲ್ಲಿ ಒಂದು ಸ್ಪರ್ಶಕ್ಕೂ ಮತ್ತೊಂದಕ್ಕೂ ನಡುವಿನ ಅಂತರವು ಸುಮಾರು ಒಂದು ಮಿಲಿಮೀಟರು ಮಾತ್ರ. ಅದಲ್ಲದೆ, ಹಳೆಯ ಟೆಲಿಫೋನಿನ ಜೋಡಿಗೆ ನಡುವಿನ ನಾಲ್ಕು–ಐದನೆಯ ಸ್ಥಾನಗಳನ್ನು ಬಿಟ್ಟುಕೊಟ್ಟುದರಿಂದ, ಇನ್ನೊಂದು ಜೋಡಿಯು ಅದರ ಎರಡೂ ಮಗ್ಗುಲಿಗೆ ಸೀಳಿ ಮೂರು ಮತ್ತು ಆರನೆಯ ಸ್ಥಾನಗಳಲ್ಲಿ ಕೂಡಬೇಕಾಯಿತು. ಒಂದು ಜೋಡಿಯ ಮಾತು ಇನ್ನೊಂದರಲ್ಲಿ ಕೇಳಿಬರುವ ದೋಷವನ್ನು ಕಸುಬಿನವರು ಕ್ರಾಸ್‌ಟಾಕ್ ಎನ್ನುವರು. ಈ ವ್ಯವಸ್ಥೆಯು ಆ ದೋಷಕ್ಕೆ ಬಾಗಿಲು ತೆರೆದಂತಾಯಿತು. ಟೆಲಿಫೋನಿನ ಮಾತಿಗೆ ಸೆಕೆಂಡಿಗೆ ಮೂರು ನಾಲ್ಕು ಸಾವಿರ ಕಂಪನಗಳು ಸಾಕಾಗಿದ್ದವು. ಐದನೆಯ ದರ್ಜೆಯ ಕೇಬಲ್ಲು 10 ಕೋಟಿ, ಆರನೆಯದು 25 ಕೋಟಿ, ಅದರ ಮೇಲಿನ 6-ಎ ದರ್ಜೆಯದು 50 ಕೋಟಿ ಕಂಪನಗಳನ್ನು ಒಯ್ಯಬೇಕು. ಬಾಯಿಯ ಆಕಾರವು ಹಳೆಯದೇ; ಹೊರೆಯು ಮಾತ್ರ ಲಕ್ಷಪಟ್ಟು ಬೆಳೆಯಿತೆಂದರೆ ಅತಿಶಯವಲ್ಲ.

ಇದಕ್ಕೆ ಇಂಜಿನಿಯರರು ಕಂಡುಕೊಂಡ ಉಪಾಯವು ಮೆಚ್ಚತಕ್ಕುದಾಗಿದೆ. ಪ್ಲಗ್ಗಿನಲ್ಲಿ ಎಷ್ಟು ಸೋರಿಕೆಯಾಗುವದೋ ಅಷ್ಟನ್ನೇ ಜ್ಯಾಕಿನೊಳಗೆ ವಿರುದ್ಧ ದಿಕ್ಕಿನಲ್ಲಿ ಬೇಕೆಂದೇ ಸೋರಗೊಟ್ಟು, ಎರಡನ್ನೂ ಪರಸ್ಪರ ಅಳಿಸಿಬಿಡುವದು! ಆದುದರಿಂದ ಜ್ಯಾಕು ಎಷ್ಟೇ ಉತ್ತಮವಾಗಿರಲಿ, ಅಳತೆ ತಪ್ಪಿದ ಪ್ಲಗ್ಗು ಅದರೊಳಗೆ ಹೊಕ್ಕರೆ ಲೆಕ್ಕವೆಲ್ಲ ತಲೆಕೆಳಗಾಗುವದು. ಒಬ್ಬನು ಮಾಡಿದ ಪ್ಲಗ್ಗು ಮತ್ತೊಬ್ಬನು ಮಾಡಿದ ಜ್ಯಾಕು ಒಂದೇ ಪ್ರಮಾಣಕ್ಕೆ ಬದ್ಧವಾಗಿದ್ದಾಗ ಮಾತ್ರ ಸಂಬಂಧವು ಕುದುರುವದು. ಆ ಅಂತರರಾಷ್ಟ್ರೀಯ ಪ್ರಮಾಣಕ್ಕೆ ಐಇಸಿ 60603-7 ಎಂದು ಹೆಸರು. ಅದರ ಕೆಳಗಿನ ಮಟ್ಟದ ಸ್ಪರ್ಶವು ಕೂಡ 750 ಸಲ ಚುಚ್ಚಿ ಕಿತ್ತರೂ ಕೆಡಕೂಡದು.

ನಮ್ಮ ಪೇಟೆಗಳಲ್ಲಿ ಮಾರಾಟವಾಗುವ ಅಗ್ಗದ ಮಾಲಿನ ಸ್ಥಿತಿಯೇನು? ಸ್ಪರ್ಶದ ಮೇಲೆ ಚಿನ್ನದ ಲೇಪವಿರಬೇಕಾದಲ್ಲಿ ಚಿನ್ನದ ಬಣ್ಣ ಮಾತ್ರ ಇರುವದುಂಟು. ಲೇಪವು ತೆಳುವಾದರೆ ಅದರ ಸೂಕ್ಷ್ಮ ರಂಧ್ರಗಳೊಳಗೆ ಕರಾವಳಿಯ ಉಪ್ಪುಗಾಳಿಯೂ ಮಲೆನಾಡಿನ ಮಳೆಗಾಲದ ತೇವವೂ ಇಳಿದು ಕೆಳಗಿನ ಲೋಹವನ್ನು ತಿನ್ನುವವು. ತಾಮ್ರವೆಂದು ಮಾರುವ ಕೇಬಲ್ಲು ಕೆಲವು ಸಲ ತಾಮ್ರದ ಹೊದಿಕೆಯ ಅಲ್ಯುಮಿನಿಯಂ ಆಗಿರುವದು. ಈಗ ಇದೇ ಕೇಬಲ್ಲಿನ ಮೂಲಕ ಸುದ್ದಿಯಷ್ಟೇ ಅಲ್ಲ, ವಿದ್ಯುಚ್ಛಕ್ತಿಯೂ ಹರಿಯುತ್ತದೆ; 2003ರಲ್ಲಿ ಹದಿನೈದು ವಾಟ್‌ಗಳಿಂದ ಆರಂಭವಾದ ಈ ಪದ್ಧತಿಯು 2018ರ ಪ್ರಮಾಣದಲ್ಲಿ ತೊಂಬತ್ತು ವಾಟ್‌ಗಳಿಗೆ ಏರಿತು. ಕಳಪೆ ತಂತಿಯು ಅಲ್ಲಿ ಕಾಯುವದು, ಸಡಿಲು ಸ್ಪರ್ಶವು ಸುಡುವದು. ಕೋಟಿಗಟ್ಟಲೆ ಬೆಲೆಯ ಯಂತ್ರಗಳನ್ನು ತರಿಸಿ, ತುದಿಯ ಪ್ಲಗ್ಗಿಗೆ ಅತಿ ಕಡಿಮೆ ದರ ಬರೆದವನನ್ನೇ ಹುಡುಕುವ ಟೆಂಡರಿನ ಪದ್ಧತಿಯು ಆನೆಯನ್ನು ಕೊಂಡವನು ಅಂಕುಶಕ್ಕೆ ಚೌಕಾಶಿ ಮಾಡಿದಂತಲ್ಲವೆ?

ಇದು ಕೇವಲ ಗುಣದ ಪ್ರಶ್ನೆಯಲ್ಲ, ಅಧಿಕಾರದ ಪ್ರಶ್ನೆಯೂ ಹೌದು. ತಂತಿಯ ಬಾಯಿಯನ್ನು ಯಾರು ಗೊತ್ತುಪಡಿಸುವರೋ ಅವರೇ ತಂತಿಯ ಯಜಮಾನರು. ಅಮೇರಿಕೆಯಲ್ಲಿ ಎಟಿ ಅಂಡ್ ಟಿ ಕಂಪನಿಯು ತನ್ನ ತಂತಿಗೆ ಪರರ ಉಪಕರಣವನ್ನು ಸೇರಿಸಗೊಡದೆ ದಶಕಗಳ ಕಾಲ ಏಕಸ್ವಾಮ್ಯವನ್ನು ನಡೆಸಿತು. 1968ರಲ್ಲಿ ಅಲ್ಲಿಯ ಸಂಪರ್ಕ ಆಯೋಗವು ಕಾರ್ಟರ್‌ಫೋನ್ ಪ್ರಕರಣದಲ್ಲಿ ಆ ನಿಷೇಧವನ್ನು ಮುರಿಯಿತು. ಮುಂದೆ 1970ರ ದಶಕದಲ್ಲಿ ಜ್ಯಾಕುಗಳ ಆಕಾರವನ್ನು ಸಾರ್ವಜನಿಕವಾಗಿ ನೋಂದಾಯಿಸಲಾಯಿತು. ‘ಆರ್‌ಜೆ’ ಎಂಬ ಎರಡಕ್ಷರಗಳು ಸೂಚಿಸುವದು ಆ ‘ನೋಂದಾಯಿತ ಜ್ಯಾಕ್’ ಎಂಬ ಅರ್ಥವನ್ನೇ. ಯಾವ ಕಾರಖಾನೆಯಲ್ಲಿ ಮಾಡಿದ ಯಂತ್ರವಾದರೂ ಗೋಡೆಯ ಜ್ಯಾಕಿಗೆ ಹೊಂದುವಂತಾದುದು ಆ ಬಳಿಕ. ಯುರೋಪಿನ ಒಕ್ಕೂಟವು ಮೊಬೈಲ್ ಫೋನುಗಳಿಗೆಲ್ಲ 2024ರ ಡಿಸೆಂಬರ್ 28ರಿಂದ ಯುಎಸ್‌ಬಿ-ಸಿ ಎಂಬ ಒಂದೇ ಬಾಯಿಯನ್ನು ಕಡ್ಡಾಯಪಡಿಸಿದುದನ್ನು ನಾವು ಕಂಡಿದ್ದೇವೆ. ಹಟ ಹಿಡಿದಿದ್ದ ಬಲಾಢ್ಯ ಕಂಪನಿಗಳೂ ಶಾಸನದ ಮುಂದೆ ತಲೆಬಾಗಿದವು.

ಹಾಗಾದರೆ ನಾವೂ ನಮ್ಮದೇ ಆದ ಬೇರೆ ಆಕಾರವೊಂದನ್ನು ಮಾಡಿಕೊಂಡರೆ ವಿದೇಶೀ ಮಾಲು ನಿಲ್ಲುವದಲ್ಲವೆ, ಎಂದು ಕೆಲವು ಮಿತ್ರರು ಕೇಳಿಯಾರು. ಆ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ಜಗತ್ತಿನೊಡನೆ ಮಾತಾಡಲೆಂದೇ ಇರುವ ತಂತಿಗೆ ಜಗತ್ತಿಗೆ ಒಪ್ಪದ ಬಾಯಿಯನ್ನಿಡುವದು ಸ್ವದೇಶಿಯಲ್ಲ, ಸ್ವಯಂಬಂಧನ. ನಿಜವಾದ ಸ್ವದೇಶಿಯು ಎರಡು ವಿಧ: ಪ್ರಮಾಣವನ್ನು ಗೊತ್ತುಪಡಿಸುವ ಪಂಕ್ತಿಯಲ್ಲಿ ನಮ್ಮವರೂ ಕುಳಿತು ನಮ್ಮ ಬಿಸಿಲು, ಧೂಳು, ತೇವಗಳ ಅನುಭವವನ್ನು ಹೇಳುವದು, ಮತ್ತು ಆ ಪ್ರಮಾಣಕ್ಕೆ ಕೂದಲೆಳೆಯಷ್ಟೂ ಕಡಿಮೆಯಾಗದ ವಸ್ತುವನ್ನು ನಮ್ಮ ಕೈಯಿಂದಲೇ ಮಾಡುವದು. ಅಚ್ಚು, ಸ್ಪ್ರಿಂಗಿನ ಲೋಹ, ಲೇಪನದ ವಿದ್ಯೆ—ಇವು ಮೂರೂ ಕೈವಶವಾಗದೆ ಬರಿಯ ಜೋಡಣೆಯನ್ನು ಉದ್ಯಮವೆಂದು ಕರೆಯಲಾಗದು.

ಇದು ನಮ್ಮಿಂದಾಗದ ಕೆಲಸವೆ? ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಬೆಂಗಳೂರಿನಲ್ಲಿ ಭಾರತೀಯ ಟೆಲಿಫೋನ್ ಕಾರಖಾನೆಯು ಸ್ಥಾಪಿತವಾಯಿತು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆಯು ನಮ್ಮ ಹಳ್ಳಿಗಳ ಬಿಸಿಲು ಧೂಳುಗಳಿಗೆ ಜಗ್ಗದ, ಹವಾನಿಯಂತ್ರಣವನ್ನು ಬೇಡದ ಟೆಲಿಫೋನ್ ಕೇಂದ್ರವನ್ನು ನಿರ್ಮಿಸಿ, 1986ರಲ್ಲಿ ಮೊದಲು ನೆಲೆಗೊಳಿಸಿದ್ದು ಎಲ್ಲಿ? ನಮ್ಮ ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ! ಪರರು ತಮ್ಮ ಹವೆಗೆ ರೂಪಿಸಿದ ಯಂತ್ರಕ್ಕೆ ನಮ್ಮ ಹಳ್ಳಿಯನ್ನು ಹೊಂದಿಸದೆ, ನಮ್ಮ ಹಳ್ಳಿಗೆ ಯಂತ್ರವನ್ನು ಹೊಂದಿಸಿದ ಆ ಬುದ್ಧಿಯು ಇಂದು ಪ್ಲಗ್ಗು ಜ್ಯಾಕುಗಳ ವಿಷಯದಲ್ಲೇಕೆ ಮಲಗಿರಬೇಕು?

ಇನ್ನೊಂದು ಸಂಗತಿಯನ್ನು ವಾಚಕರ ಲಕ್ಷ್ಯಕ್ಕೆ ತರಬಯಸುವೆವು. 1947ರ ಜನವರಿಯಲ್ಲಿ, ಇನ್ನೂ ಪರರ ಆಳಿಕೆಯಿರುವಾಗಲೇ, ಭಾರತೀಯ ಮಾನಕ ಸಂಸ್ಥೆಯು ಹುಟ್ಟಿತು. ಅದರ ಪ್ರಮಾಣಗಳ ಪಟ್ಟಿಯಲ್ಲಿ ಮೊದಲನೆಯ ಅಂಕವು ಸಂದದ್ದು ಯಾವುದೇ ಯಂತ್ರಕ್ಕಲ್ಲ, ನಮ್ಮ ರಾಷ್ಟ್ರಧ್ವಜಕ್ಕೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ಧ್ವಜವನ್ನು ಹೊಲಿಯುವ ತಾಯಂದಿರು ನೂಲಿನ ಎಣಿಕೆಯಿಂದ ಬಣ್ಣದ ಗಟ್ಟಿತನದವರೆಗೆ ಆ ಪ್ರಮಾಣಕ್ಕೆ ಬದ್ಧರಾಗಿ ದುಡಿಯುತ್ತಾರೆ. ಒಂದು ಎಳೆ ತಪ್ಪಿದರೂ ಒಪ್ಪದ ಆ ನಿಷ್ಠೆಯು ನಮಗೆ ಹೊಸದಲ್ಲ.

ಆದುದರಿಂದ ಸರಕಾರದವರು ಮಾಡತಕ್ಕ ಕಾರ್ಯವು ಸ್ಪಷ್ಟವಾಗಿದೆ. 2023ರಲ್ಲಿ ಯುಎಸ್‌ಬಿ-ಸಿ ಬಾಯಿಗೆ ಭಾರತೀಯ ಪ್ರಮಾಣವನ್ನು ಪ್ರಕಟಿಸಿದುದು ಯೋಗ್ಯವೇ. ಆದರೆ ಕಾಗದದ ಮೇಲಿನ ಪ್ರಮಾಣವು ಪರೀಕ್ಷೆಯಿಲ್ಲದೆ ಜೀವ ತಳೆಯದು. ಸಾರ್ವಜನಿಕ ಹಣದಿಂದ ಕೊಳ್ಳುವ ಪ್ರತಿಯೊಂದು ಕೇಬಲ್ಲಿನ ತುದಿಯೂ ಪರೀಕ್ಷೆಗೆ ಒಳಪಡಲಿ. ಜೋಡಿಸಿದ ಮೇಲೆ ಅಳೆದು ತೋರಿಸಿದ ಹೊರತು ಗುತ್ತಿಗೆದಾರನಿಗೆ ಹಣ ಸಲ್ಲದಿರಲಿ. ಕರಾವಳಿ ಮಲೆನಾಡುಗಳ ಹವೆಯಲ್ಲಿ ಮಾಲನ್ನು ಪರೀಕ್ಷಿಸುವ ಶಾಲೆಗಳು ಆಗಲಿ. ಐಟಿಐ ಶಾಲೆಗಳ ಹುಡುಗರಿಗೆ ಜೋಡಿಯನ್ನು ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಚ್ಚದೆ ಪ್ಲಗ್ಗು ಕಟ್ಟುವ ಕೈಚಳಕವನ್ನು ಕಲಿಸಲಿ. ಧ್ವಜದ ನೂಲನ್ನು ಎಣಿಸಿದ ನಾಡು ತಂತಿಯ ತುದಿಯನ್ನೂ ಅಳೆಯಬಲ್ಲದು. ಅಳೆಯುವ ಮನಸ್ಸು ಮಾತ್ರ ಬೇಕು.